ನೀರುನಾಯಿಗೆ ಎಷ್ಟು ಟಿಎಂಸಿ?

ಮೇ ತಿಂಗಳ ಕೊನೆಯ ಬುಧವಾರ ವಿಶ್ವ ನೀರುನಾಯಿ ದಿನ. ಈ ಸಲ ನಮ್ಮ ಜಿಲ್ಲೆಯಲ್ಲೂ ಒಂದು ಕಡೆ ಆಚರಿಸಿದರು, ನನ್ನನ್ನೂ ಕರೆದಿದ್ದರು. ವೇದಿಕೆಯ ಹಿಂದೆ ಆಳೆತ್ತರದ ಫ್ಲೆಕ್ಸು. ಅದರಲ್ಲಿ ಅಂಗಾತ ತೇಲುತ್ತ ಎದೆಯ ಮೇಲೆ ಕೈ ಜೋಡಿಸಿಕೊಂಡ ಮುದ್ದಾದ ಪ್ರಾಣಿ. ಅದು ಅಲಾಸ್ಕಾ ಕಡೆಯ ಕಡಲ ನೀರುನಾಯಿ. ಕಾವೇರಿ ನೀರು ಮುಟ್ಟಿದ್ದೇ ಇಲ್ಲ. ಸುತ್ತ ಮುಖಂಡರ ಭಾವಚಿತ್ರಗಳು, ಒಂದೊಂದೂ ಆ ಪ್ರಾಣಿಗಿಂತ ದೊಡ್ಡವು. ಮೈಕ್ ಹಿಡಿದವರೆಲ್ಲ ‘ಅಳಿವಿನಂಚಿನ ಜೀವಿ’ ಎಂದರು, ಹಾರ ಹಾಕಿಸಿಕೊಂಡರು, ಮದ್ದೂರು ವಡೆ ತಿಂದು ಕಾರು ಹತ್ತಿದರು. ನದಿ ಕೂಗಳತೆಯಲ್ಲೇ ಇತ್ತು. ಒಬ್ಬರೂ ಅತ್ತ ತಿರುಗಿ ನೋಡಲಿಲ್ಲ. ವಡೆ ಚೆನ್ನಾಗಿತ್ತು, ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಆ ಸಭೆಯಲ್ಲಿ ಮಾತಾಡಬೇಕಾಗಿದ್ದವನು ಹಿಂದಿನ ಸಾಲಿನಲ್ಲಿ ನಿಂತಿದ್ದ. ಮಳವಳ್ಳಿ ಕಡೆಯ ಹುಡುಗ, ಬಿ.ಎಸ್ಸಿ. ಓದುತ್ತಿದ್ದಾನೆ. ರಜೆ ಸಿಕ್ಕಾಗಲೆಲ್ಲ ಗೆಳೆಯರನ್ನು ಕಟ್ಟಿಕೊಂಡು ನದಿ ದಡ ಸುತ್ತಿ ನೀರುನಾಯಿಯ ಜಾಡು ಬರೆದಿಡುವುದು ಅವನ ಹುಚ್ಚು. ಯಾರೂ ಸಂಬಳ ಕೊಡುವುದಿಲ್ಲ, ಪೆಟ್ರೋಲೂ ಅವನ ಕೈಯದ್ದೇ. ಮರುದಿನ ಬೆಳಿಗ್ಗೆ ಅವನ ಜೊತೆ ಹೊರಟೆ. ಶಿವನಸಮುದ್ರಕ್ಕಿಂತ ಮೇಲೆ, ಕಾವೇರಿ ದಡದ ಒಂದು ಬಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ಹಿಕ್ಕೆ ಕೆದಕಿದ. ಒಳಗೆಲ್ಲ ಮೀನಿನ ಹುರುಪೆ, ಮುಳ್ಳು, ಏಡಿ ಚಿಪ್ಪಿನ ಚೂರು. ನಾನು ಮೂಗು ಮುಚ್ಚಿಕೊಂಡೆ. ‘ಇನ್ನೂ ಹಸಿ ಅದೆ ಸಾ, ರಾತ್ರೀದು’ ಎಂದ, ಚಿನ್ನ ಸಿಕ್ಕವನ ಹಾಗೆ. ಇಡೀ ಕುಟುಂಬ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ, ಹಾಗಾಗಿ ಜಾಗ ಗೊತ್ತಾದರೆ ಗುಂಪು ಇದೆಯೋ ಹೋಯಿತೋ ಹೇಳಬಹುದು. ಪಕ್ಕದ ಮರಳಿನಲ್ಲಿ ಜಾಲಪಾದದ ಗುರುತು, ಹೊರಳಾಡಿ ಮೈ ಒಣಗಿಸಿಕೊಂಡ ತಗ್ಗು. ಅಳತೆಗೆ ಪೆನ್ನು ಇಟ್ಟು ಫೋಟೊ ತೆಗೆದ. ಜಾಗ, ದಿನ, ಹೊತ್ತು ಬರೆದುಕೊಂಡ. ಪ್ರಾಣಿ ಕಾಣಲೇ ಇಲ್ಲ. ಅದಕ್ಕೆ ಅವನಿಗೆ ಬೇಸರವೂ ಆಗಲಿಲ್ಲ.

ಅವನ ಬೇಸರ ಬೇರೆ. ಮುಂದಿನ ಸಲ ಬಂದಾಗ ಆ ಮರಳು ಅಲ್ಲಿರುತ್ತದೆ ಎಂಬ ನಂಬಿಕೆ ಅವನಿಗಿಲ್ಲ. ನಮ್ಮ ಬಯಲುಸೀಮೆಯ ನದಿಗಳ ನುಣುಪು ಮೈಯ ನೀರುನಾಯಿಗೆ ಒರಗಲು ಮರಳ ದಿಬ್ಬ ಬೇಕು, ಮರಿ ಹಾಕಲು ದಡದ ಬೇರುಗಳ ನಡುವೆ ಬಿಲ ಬೇಕು. ಮರಳು ಬಗೆದರೆ ದಿಬ್ಬ ಹೋಗುತ್ತದೆ, ದಡ ಕುಸಿದು ಬಿಲವೂ ಹೋಗುತ್ತದೆ. ಮಡುವಿಗೆ ಸಿಡಿಮದ್ದು ಎಸೆಯುವವರು ಉಳಿದ ಕೆಲಸ ಮುಗಿಸುತ್ತಾರೆ. ಮರಿಮೀನು ಸಮೇತ ಎಲ್ಲವೂ ಹೊಟ್ಟೆ ಮೇಲೆ ಮಾಡಿ ತೇಲುತ್ತವೆ.

ಈಗ ನನ್ನ ಹಳೇ ರಾಗ. ಇದೇ ಅಂಕಣದಲ್ಲಿ ಹೇಳಿ ಬೈಸಿಕೊಂಡದ್ದೂ ಉಂಟು. ಮಂಡ್ಯದವರಾದ ನಮಗೆ ಕಾವೇರಿ ಅಂದರೆ ಟಿಎಂಸಿ, ಅಷ್ಟೇ. ಬೆಳಿಗ್ಗೆ ಎದ್ದರೆ ಕೆಆರ್‌ಎಸ್ ಮಟ್ಟ ನೋಡುತ್ತೇವೆ. 124.80 ಅಡಿ ತುಂಬಿದರೆ ಬಾಗಿನ, ಇಳಿದರೆ ಸಂಜಯ ವೃತ್ತದಲ್ಲಿ ಧರಣಿ. ನ್ಯಾಯಮಂಡಳಿ 2007ರಲ್ಲಿ ಕೊಟ್ಟ 270, ಸುಪ್ರೀಂ ಕೋರ್ಟ್ 2018ರಲ್ಲಿ ಸೇರಿಸಿದ 14.75 ಟೀ ಅಂಗಡಿಯಲ್ಲೂ ಬಾಯಿಪಾಠ. ಅದೇ ಲೆಕ್ಕದಲ್ಲಿ, ಒಟ್ಟು 740 ಟಿಎಂಸಿಯಲ್ಲಿ, ಪರಿಸರ ರಕ್ಷಣೆಗೆ ಎಂದು 10 ಟಿಎಂಸಿ ತೆಗೆದಿರಿಸಿದ್ದು ಎಷ್ಟು ಜನಕ್ಕೆ ನೆನಪಿದೆ? ಮೀನು, ಆಮೆ, ಮೊಸಳೆ, ನೀರುನಾಯಿ ಎಲ್ಲಕ್ಕೂ ಸೇರಿ ಸಿಕ್ಕ ಪಾಲು ಅದು. ಆ ಹತ್ತಕ್ಕಾಗಿ ಇವತ್ತಿನವರೆಗೆ ಯಾರೂ ಒಂದು ಟೈರೂ ಸುಟ್ಟಿಲ್ಲ.

ವಾಪಸ್ ಬರುವಾಗ ತೆಪ್ಪ ಕಟ್ಟುತ್ತಿದ್ದ ಮೀನುಗಾರರೊಬ್ಬರು ಹುಡುಗನನ್ನು ತಡೆದು ನಿಲ್ಲಿಸಿದರು. ಹರಿದ ಬಲೆಯೊಳಗೆ ಕೈ ತೂರಿಸಿ, ‘ನೋಡಪ್ಪ, ಇದು ನಿನ್ ನೀರುನಾಯಿ ಕೆಲ್ಸ. ಅವುಕ್ಕೆ ನೀನಿದ್ದೀಯ, ನಮಗ್ಯಾರವ್ರೆ?’ ಎಂದರು. ಹುಡುಗ ತಲೆ ತಗ್ಗಿಸಿದ. ತಗ್ಗಿಸಬೇಕಾದ ತಲೆ ಅವನದ್ದಾಗಿರಲಿಲ್ಲ. ಆನೆ ಕಬ್ಬು ತುಳಿದರೆ ಪರಿಹಾರಕ್ಕೆ ಅರ್ಜಿ ಹಾಕಬಹುದು. ಬಲೆ ಹರಿದವನು ಯಾವ ಕಚೇರಿಯ ಬಾಗಿಲು ತಟ್ಟಬೇಕು?

ಇದಕ್ಕೆ ಉತ್ತರ ಹುಡುಕಲು ತಜ್ಞರ ಸಮಿತಿ ಬೇಡ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಬಸ್ಸಿದೆ. ಅಲ್ಲಿ ಹೆಜ್ಜಾರ್ಲೆ ಬಳಗದ ಹುಡುಗರು ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ, ಮೀನು ತಿನ್ನಿಸಿ ಬದುಕಿಸಿದರು. ಹಕ್ಕಿ ಕೂತ ಹುಣಸೆ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಅಷ್ಟೋ ಇಷ್ಟೋ ಹಣ ಕೊಟ್ಟಿತು. ಸಾಲದು ಎಂಬ ಗೊಣಗಾಟ ಇದ್ದದ್ದೇ. ಆದರೂ ಮರ ಉಳಿಯಿತು, 2007ರಲ್ಲಿ ಸಮುದಾಯ ಮೀಸಲು ಪ್ರದೇಶವೂ ಆಯಿತು. ಹೆಜ್ಜಾರ್ಲೆಯ ಅದೃಷ್ಟ, ಅದು ಗೂಡು ಕಟ್ಟಿದ ಮರಕ್ಕೆ ಯಜಮಾನನಿದ್ದ. ನೀರುನಾಯಿ ನಂಬಿದ ನದಿ ಸರ್ಕಾರದ್ದು, ಅದರ ಮರಳು ಮಾತ್ರ ಸಿಕ್ಕಿದವನದ್ದು.

ತುಂಗಭದ್ರೆಯಲ್ಲಿ 34 ಕಿಲೋಮೀಟರ್ ಉದ್ದದ ನೀರುನಾಯಿ ಸಂರಕ್ಷಣಾ ಮೀಸಲು 2015ರಲ್ಲೇ ಆಗಿದೆ, ದೇಶಕ್ಕೇ ಮೊದಲನೆಯದು. ನಮ್ಮಲ್ಲಿ ಮೇಲ್ಗಡೆ ರಂಗನತಿಟ್ಟು, ಕೆಳಗಡೆ ಮುತ್ತತ್ತಿಯ ಕಾವೇರಿ ವನ್ಯಜೀವಿಧಾಮ. ನಡುವಿನ ಹೊಳೆಯನ್ನು ಕಾಯುತ್ತಿರುವುದು ಆ ಹುಡುಗನ ನೋಟ್‌ಬುಕ್ಕು. ಅದರಲ್ಲಿ ಬರೆದದ್ದನ್ನು ಓದುವ ಅಧಿಕಾರಿ ಬೇಕು, ಬಲೆಗೆ ಪರಿಹಾರ ಬೇಕು, ಮೀನುಗಾರರಿಗೇ ಕಾವಲಿನ ಕೂಲಿ ಬೇಕು. ಬುಧವಾರದ ಹಾರ ಬೇಕಾಗಿಲ್ಲ.

ಮುಂದಿನ ಸಲ ‘ಕಾವೇರಿ ನಮ್ಮದು’ ಎಂದು ಮದ್ದೂರಿನಲ್ಲಿ ಹೆದ್ದಾರಿ ತಡೆದಾಗ, ಸಾಲಿನಲ್ಲಿ ಸಿಕ್ಕಿಕೊಂಡ ಟಿಪ್ಪರ್‌ಗಳ ಟಾರ್ಪಾಲು ಒಮ್ಮೆ ಎತ್ತಿ ನೋಡಿ. ಕಾವೇರಿ ಒಂದಷ್ಟು ಅದರೊಳಗೇ ಇರುತ್ತಾಳೆ. ಯಾರ ಗಾಡಿ ಎಂದು ಮಾತ್ರ ಕೇಳಬೇಡಿ. ಧರಣಿಗೆ ಶಾಮಿಯಾನ ಹಾಕಿಸಿದವರಿಗೆ ಮುಜುಗರವಾದೀತು.