ಒಂದೇ ಪುಸ್ತಕವಿರಲಿ

ನಮ್ಮ ಉಪಾಧ್ಯಾಯಿನಿಯರಲ್ಲಿ ಬರೆದಿಡುವ ಅಭ್ಯಾಸಕ್ಕೆ ಕೊರತೆಯಿಲ್ಲ. ಬರೆದುದು ಬೇಕಾದ ಹೊತ್ತಿಗೆ ಕಣ್ಣಿಗೆ ಬೀಳುವುದೇ ಅಪರೂಪ. ಓದಿದ ಪುಸ್ತಕದ ಸಾರಕ್ಕೆ ಒಂದು ನೋಟುಬುಕ್ಕು, ಸಭೆಯಲ್ಲಿ ಕೇಳಿದುದಕ್ಕೆ ಇನ್ನೊಂದು, ಮಾಡಬೇಕಾದ ಕೆಲಸಗಳಿಗೆ ಕೈಚೀಲದೊಳಗಿನ ಚೀಟಿ, ಅದೂ ಸಾಲದೆ ಮೊಬೈಲಿನಲ್ಲಿ ಮತ್ತೊಂದು ಪಟ್ಟಿ. ಇವೆಲ್ಲವನ್ನೂ ಬಿಟ್ಟು, ತಿಳಿದುಕೊಂಡ ವಿಷಯವನ್ನೂ ಮಾಡತಕ್ಕ ಕೆಲಸವನ್ನೂ ಒಂದೇ ಪುಸ್ತಕದಲ್ಲಿ ಬರೆಯಬೇಕೆಂಬುದು ನನ್ನ ಅಭಿಪ್ರಾಯವು. ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಉಪಾಧ್ಯಾಯಿನಿಯರೂ ದಾದಿಯರೂ ಆಗಿರುವುದರಿಂದ ಈ ಮಾತನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು.

ಇದು ಬರಿಯ ಅಚ್ಚುಕಟ್ಟಿನ ವಿಚಾರವಲ್ಲ. ಒಂದು ಊರಿನ ಶಾಲೆಯಲ್ಲಿ ನಡೆದ ಸಂಗತಿಯನ್ನು ಕೇಳಿರಿ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಪ್ರತಿ ಬುಧವಾರವೂ ಗೈರುಹಾಜರಾಗುತ್ತಿದ್ದಳು. ಅಂದು ಸಂತೆ, ತಾಯಿಯು ಕಾಯಿಪಲ್ಯ ಹೊತ್ತು ಹೋದಾಗ ಮೂರು ವರ್ಷದ ತಮ್ಮನನ್ನು ನೋಡಿಕೊಳ್ಳುವವರು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ತರಗತಿಯ ಉಪಾಧ್ಯಾಯಿನಿಯವರು ಇದನ್ನು ವಿಚಾರಿಸಿ ತಿಳಿದು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟರು. ‘ತಾಯಿಯನ್ನು ಕಾಣಬೇಕು’ ಎಂದು ಬೇರೊಂದು ಚೀಟಿಯಲ್ಲಿಯೂ ಗುರುತು ಮಾಡಿಕೊಂಡರು. ಪುಸ್ತಕವು ಬೀರು ಸೇರಿತು. ಕೆಲವು ವಾರಗಳ ಮೇಲೆ ಚೀಟಿ ಸಿಕ್ಕಿದಾಗ ಯಾರ ತಾಯಿ, ಯಾತಕ್ಕೆ ಎಂಬುದು ಅದರಲ್ಲಿರಲಿಲ್ಲ. ದಸರೆಯ ರಜೆ ಕಳೆದು ಶಾಲೆ ತೆರೆದಾಗ ಹುಡುಗಿಯು ಬರಲೇ ಇಲ್ಲ. ಆ ಉಪಾಧ್ಯಾಯಿನಿಯವರಿಗೆ ಮಕ್ಕಳ ವಿಷಯದಲ್ಲಿ ಅಲಕ್ಷ್ಯವಿತ್ತೆಂದು ಯಾರೂ ಹೇಳಲಾರರು. ಕಾರಣವು ಒಂದು ಕಡೆಯೂ ಕಾರ್ಯವು ಇನ್ನೊಂದು ಕಡೆಯೂ ಬಿದ್ದುದೇ ಅಲ್ಲಿಯ ದೋಷ.

ಈ ವಿಷಯದಲ್ಲಿ ಅಂಗಡಿಯವರು ನಮಗಿಂತ ಜಾಣರೆಂದು ಒಪ್ಪಬೇಕು. ಇಟಲಿಯ ಸನ್ಯಾಸಿಯಾದ ಲೂಕಾ ಪಾಚೋಲಿ ಎಂಬವರು 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತಮ್ಮ ಗಣಿತಗ್ರಂಥದಲ್ಲಿ, ವರ್ತಕನು ಮೂರು ಪುಸ್ತಕಗಳನ್ನು ಇಡಬೇಕೆಂದು ವಿಧಿಸಿದ್ದಾರೆ. ಮೊದಲನೆಯದು ನೆನಪಿನ ಪುಸ್ತಕ. ದೊಡ್ಡದು ಸಣ್ಣದು ಎನ್ನದೆ ವ್ಯವಹಾರವೆಲ್ಲವೂ ನಡೆದ ಕ್ರಮದಲ್ಲಿಯೇ ಅದರೊಳಗೆ ಬೀಳಬೇಕು. ಯಜಮಾನನು ಇಲ್ಲದಾಗ, ಬರೆಯಬಲ್ಲ ಹೆಂಗಸರೂ ಅದರಲ್ಲಿ ಬರೆಯಬಹುದೆಂದು ಅವರು ಹೇಳಿರುವುದು ಹೆಣ್ಣುಮಕ್ಕಳ ಶಾಲೆಯವರು ಗಮನಿಸತಕ್ಕ ಮಾತು! ವಿಂಗಡಿಸುವುದೆಲ್ಲ ಆಮೇಲೆ, ಉಳಿದೆರಡು ಪುಸ್ತಕಗಳಲ್ಲಿ. ನಮ್ಮ ಪೇಟೆಯವರ ಕಚ್ಚಾ ಲೆಕ್ಕ, ಕಿರ್ದಿ, ಖಾತೆ ಎಂಬ ಕ್ರಮವೂ ಇದೇ ಬಗೆಯದು. ನಾವಾದರೋ ಬರೆಯುವ ಮುಂಚೆಯೇ ‘ಇದು ಯಾವ ಪುಸ್ತಕಕ್ಕೆ?’ ಎಂದು ಯೋಚಿಸುತ್ತ ಕುಳಿತಿರುತ್ತೇವೆ. ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ.

ಪುಸ್ತಕವು ಹೊಲಿದ ಬೆನ್ನಿನದಾಗಿರಲಿ. ಹಾಳೆ ಕಿತ್ತು ತೆಗೆಯಲು ಬರುವಂಥದು ಬೇಡ. ಪುಟಗಳಿಗೆ ಅಂಕೆ ಹಾಕಿ, ಎಡಗಡೆ ಎರಡು ಬೆರಳಗಲ ಅಂಚು ಬಿಡಬೇಕು. ಆಯಾ ದಿನದ ತಾರೀಖಿನ ಕೆಳಗೆ ಕಂಡುದನ್ನೂ ಕೇಳಿದುದನ್ನೂ ಓದಿದುದನ್ನೂ ಬರೆಯುತ್ತ ಹೋಗಬೇಕು. ಬರೆದುದರಿಂದ ಒಂದು ಕೆಲಸ ಹುಟ್ಟಿದರೆ ಅದನ್ನು ಮುಂದಿನ ಸಾಲಿನಲ್ಲಿಯೇ ಬರೆದು ಅಂಚಿನಲ್ಲಿ ಸಣ್ಣದೊಂದು ಚೌಕ ಹಾಕತಕ್ಕದ್ದು. ಕೆಲಸ ಮುಗಿದಾಗ ಚೌಕಕ್ಕೆ ಗೀಟು. ಹೀಗಿದ್ದರೆ ‘ಬುಧವಾರ ಬರುವುದಿಲ್ಲ, ತಮ್ಮನನ್ನು ನೋಡಿಕೊಳ್ಳುತ್ತಾಳೆ’ ಎಂಬುದರ ಕೆಳಗೇ ‘ಶನಿವಾರ ಮಧ್ಯಾಹ್ನ ತಾಯಿಯನ್ನು ಕಂಡು ಅಂಗನವಾಡಿಯ ವಿಷಯ ಮಾತನಾಡುವುದು’ ಎಂದಿರುತ್ತದೆ. ವಾರಕ್ಕೊಮ್ಮೆ ಕಾಲು ಗಂಟೆ ಕುಳಿತು ಗೀಟಿಲ್ಲದ ಚೌಕಗಳನ್ನು ಹುಡುಕಿ, ಉಳಿದ ಕೆಲಸವನ್ನು ಹೊಸ ಪುಟಕ್ಕೆ ಬರೆದು, ಪಕ್ಕದಲ್ಲಿ ಹಳೆಯ ಪುಟದ ಅಂಕೆಯನ್ನು ಕಾಣಿಸಬೇಕು. ಮೂರು ವಾರ ಹೀಗೆ ಬರೆದು ಬರೆದು ಬೇಸತ್ತ ಕೈಯೇ ‘ಇದು ನಿಜವಾಗಿ ಬೇಕೇ?’ ಎಂದು ಕೇಳತೊಡಗುವುದು. ನ್ಯೂಯಾರ್ಕಿನ ರೈಡರ್ ಕ್ಯಾರಲ್ ಎಂಬವರು 2013ರಲ್ಲಿ ಬುಲೆಟ್ ಜರ್ನಲ್ ಎಂಬ ಹೆಸರಿನಿಂದ ಪ್ರಚುರಪಡಿಸಿದ ಪದ್ಧತಿಯಲ್ಲಿಯೂ ಈ ಮರುಬರಹಕ್ಕೆ ದೊಡ್ಡ ಸ್ಥಾನವುಂಟು. ಅದರ ಹೆಸರಿನಲ್ಲಿ ಬಣ್ಣದ ಪೆನ್ನುಗಳಿಂದ ಬಿಡಿಸುವ ಹೂಬಳ್ಳಿಗಳು ಮಾತ್ರ ನಮ್ಮ ಹುಡುಗಿಯರಿಗೆ ಬೇಡ.

ಹಳೆಯ ಟಿಪ್ಪಣಿಯನ್ನು ಹುಡುಕುವುದು ಹೇಗೆಂಬುದಕ್ಕೆ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕರು ದಾರಿ ತೋರಿಸಿದ್ದಾರೆ. 1686ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾದ ಅವರ ಕ್ರಮದಂತೆ, ವಿಷಯದ ಹೆಸರಿನ ಮೊದಲ ಅಕ್ಷರವನ್ನೂ ಅದರ ಮುಂದೆ ಬರುವ ಮೊದಲ ಸ್ವರವನ್ನೂ ಜೋಡಿಸಿ ನೋಡಿ, ಎರಡು ಪುಟದ ಸೂಚಿಯೊಳಗೆ ಆ ಜೋಡಿಯ ಮುಂದೆ ಪುಟದ ಅಂಕೆಯನ್ನು ಬರೆಯಬೇಕು. ಅವರು ಯೋಚಿಸಿ ಕಟ್ಟಿದ ಈ ಜೋಡಿಯು ನಮ್ಮ ಮಕ್ಕಳಿಗೆ ಕಾಗುಣಿತದಲ್ಲಿಯೇ ಸಿದ್ಧವಾಗಿ ಸಿಗುತ್ತದೆ. ಗೈರುಹಾಜರಿಯನ್ನು ‘ಗೈ’ ಎಂಬಲ್ಲಿ, ಪುಸ್ತಕಭಂಡಾರವನ್ನು ‘ಪು’ ಎಂಬಲ್ಲಿ ಕಾಣಿಸಿದರಾಯಿತು.

ಟಿಪ್ಪಣಿಗಳ ನಡುವೆ ಕೆಲಸಗಳು ಹೂತುಹೋಗುವುವೆಂದು ಆಕ್ಷೇಪಿಸುವವರುಂಟು. ಅಂಚಿನ ಚೌಕವೂ ವಾರದ ತಪಾಸಣೆಯೂ ಇಲ್ಲದಿದ್ದರೆ ಆ ಮಾತು ನಿಜ. ಆದರೆ ಬೇರೆಯಾಗಿ ಬರೆದ ಪಟ್ಟಿಯು ನೋಡಲು ಚೆನ್ನಾಗಿದ್ದರೂ ಮನಸ್ಸಿಗೆ ನೆಮ್ಮದಿ ಕೊಡುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬವರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮುಗಿಯದ ಕೆಲಸವು ಓದುತ್ತಿರುವವರ ಮನಸ್ಸನ್ನು ಕೆಣಕುತ್ತಿರುವುದೆಂದೂ, ಅದನ್ನು ಯಾವಾಗ, ಹೇಗೆ ಮಾಡುವುದೆಂದು ಗೊತ್ತುಮಾಡಿಕೊಂಡರೆ, ಕೆಲಸವು ಇನ್ನೂ ಮುಗಿಯದಿದ್ದರೂ ಆ ಕಾಟವು ತಗ್ಗುವುದೆಂದೂ ಕಂಡುಬಂದಿತು. ಯಾವಾಗ, ಹೇಗೆ ಎಂಬುದನ್ನು ಗೊತ್ತುಮಾಡಲು ಕಾರಣವು ಕಣ್ಣೆದುರಿಗಿರಬೇಕಷ್ಟೆ.

ಕಂಪ್ಯೂಟರಿನಲ್ಲಿ ಬರೆಯುವವರಿಗೆ ನನ್ನ ಅಡ್ಡಿಯಿಲ್ಲ. ನೆದರ್ಲೆಂಡಿನಲ್ಲಿದ್ದ ಖಗೋಳವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ ಎಂಬವರು 2003ರಲ್ಲಿ ಆರಂಭಿಸಿದ ಆರ್ಗ್ ಮೋಡ್ ಎಂಬ ಸಾಧನದಲ್ಲಿ, ಟಿಪ್ಪಣಿಯ ತಲೆಬರಹದ ಮುಂದೆ ‘ಟುಡೂ’ ಎಂಬ ಒಂದು ಪದವನ್ನು ಸೇರಿಸಿದರೆ ಅದೇ ಕೆಲಸವಾಗಿ ಪಟ್ಟಿಯಲ್ಲಿ ಬರುತ್ತದೆ. ನಮ್ಮ ಚೌಕವೂ ಅಷ್ಟೇ.

ಎರಡು ಸಂಗತಿಗಳನ್ನು ಮಾತ್ರ ಹೊರಗಿಡಬೇಕು. ಪರೀಕ್ಷಾ ಶುಲ್ಕದ ಕೊನೆಯ ದಿನದಂಥ ತಪ್ಪಿಸಲಾಗದ ತಾರೀಖುಗಳು ಗೋಡೆಯ ಕ್ಯಾಲೆಂಡರಿನಲ್ಲಿಯೂ ಇರಲಿ. ಮುಚ್ಚಿದ ಪುಸ್ತಕವು ಯಾರನ್ನೂ ಕೂಗಿ ಕರೆಯುವುದಿಲ್ಲ. ಹುಡುಗಿಯರು ನಂಬಿ ಹೇಳಿದ ಮನೆಯ ಗುಟ್ಟನ್ನು, ಮೇಜಿನ ಮೇಲೆ ಬಿದ್ದಿರುವ ಈ ಪುಸ್ತಕದಲ್ಲಿ ಬರೆಯಲೇ ಕೂಡದು. ಅಂಥಲ್ಲಿ ಚೌಕವನ್ನೂ ತಾರೀಖನ್ನೂ ಹಾಕಿ, ಹೆಸರಿನ ಬದಲಿಗೆ ತನಗೆ ಮಾತ್ರ ತಿಳಿಯುವ ಒಂದು ಗುರುತನ್ನು ಇಟ್ಟರೆ ಸಾಕು.