ನಲ್ವತ್ತು ಪಟ್ಟು ಫಾಸ್ಟ್, ಮಾಮ!

ನಮ್ಮ ಕೊಟ್ಟಾರ ಚೌಕಿಯಲ್ಲಿ ಸಂಜೆ ಆರು ಗಂಟೆಗೆ ನಿಂತು ನೋಡಿದ್ದೀರಾ? ಹೆದ್ದಾರಿಯಲ್ಲಿ ವಾಹನಗಳು ಹೊಳೆ ಹರಿದ ಹಾಗೆ ಹರಿಯುತ್ತವೆ. ಒಂದೊಂದು ಗಾಡಿಯ ಲೆಕ್ಕ ಯಾರಿಗೂ ಬೇಡ. ಅದೇ ರಾತ್ರಿ ಎರಡು ಗಂಟೆಗೆ? ಒಂದು ಮೀನಿನ ಲಾರಿ, ಸ್ವಲ್ಪ ಹೊತ್ತು ಬಿಟ್ಟು ಒಂದು ಕಾರು. ಆಗ ಒಂದೊಂದೇ ಗಾಡಿಯನ್ನು ಗಮನಿಸಬೇಕು.

ಗಾಳಿಯೂ ಹೀಗೇ. ನೆಲಮಟ್ಟದಲ್ಲಿ ಒಂದು ಅಣು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು ಹೋಗುವಷ್ಟರಲ್ಲಿ ಇನ್ನೊಂದಕ್ಕೆ ಡಿಕ್ಕಿ ಹೊಡೆದಿರುತ್ತದೆ. 100 ಕಿ.ಮೀ. ಎತ್ತರದಲ್ಲಾದರೆ ಸರಾಸರಿ 10-15 ಸೆಂಟಿಮೀಟರ್ ಹೋಗಬೇಕು. 2007ರ ಜನವರಿ 22ರಂದು ಇಸ್ರೋದ ಎಸ್‌ಆರ್‌ಇ-1 ಬಾಹ್ಯಾಕಾಶದಿಂದ ಮರಳಿ ಬಂಗಾಳ ಕೊಲ್ಲಿಗೆ ಇಳಿಯಿತಲ್ಲ, ಅದು ಇಂಥ ತೆಳು ಗಾಳಿಯನ್ನು ದಾಟಿಯೇ ಬಂದದ್ದು. ಅಲ್ಲಿ ಮಾಮೂಲಿ ಹರಿವಿನ ಸಮೀಕರಣಗಳನ್ನು ನಂಬುವ ಹಾಗಿಲ್ಲ.

ಇದಕ್ಕೆ ಆಸ್ಟ್ರೇಲಿಯಾದ ಗ್ರೇಮ್ ಬರ್ಡ್ 1963ರಲ್ಲಿ ಒಂದು ದಾರಿ ತೋರಿಸಿದರು. ಕಂಪ್ಯೂಟರಿನಲ್ಲಿ ಲಕ್ಷಾಂತರ ಕಣಗಳನ್ನು ಬಿಡುವುದು. ಒಂದೊಂದು ಕಣವೂ ಕೋಟ್ಯಂತರ ಅಣುಗಳ ಪ್ರತಿನಿಧಿ, ನಮ್ಮ ಕಾರ್ಪೊರೇಟರ ಹಾಗೆ! ಜಾಗವನ್ನು ಪುಟ್ಟ ಕೋಣೆಗಳಾಗಿ ಹಂಚಿ, ಕಣಗಳನ್ನು ಸ್ವಲ್ಪ ಸರಿಸಿ, ಒಂದೇ ಕೋಣೆಯಲ್ಲಿರುವ ಜೋಡಿಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಡಿಕ್ಕಿ ಹೊಡೆಸುವುದು. ಸಾವಿರಾರು ಸಲ ಹೀಗೆ ಮಾಡಿ ಸರಾಸರಿ ತೆಗೆಯುವುದು. ಅಷ್ಟೇ.

ಎಲ್ಲಾ ಕಣಗಳಿಗೂ ಒಂದೇ ಕೆಲಸವಾದ್ದರಿಂದ ಗೇಮ್ ಆಡುವ ಗ್ರಾಫಿಕ್ಸ್ ಕಾರ್ಡಿಗೆ ಇದು ಹೇಳಿ ಮಾಡಿಸಿದ ಹಾಗಿದೆ. 2007ರಲ್ಲಿ ಎನ್‌ವಿಡಿಯಾದ ಕುಡಾ ಬಂದ ಮೇಲೆ ಪ್ರೋಗ್ರಾಂ ಬರೆಯುವುದೂ ಸುಲಭವಾಯಿತು. ಇಸ್ರೋ ಕೂಡ 2011ರಲ್ಲಿ 400 ಗ್ರಾಫಿಕ್ಸ್ ಪ್ರೊಸೆಸರ್ ಜೋಡಿಸಿ ತಿರುವನಂತಪುರದಲ್ಲಿ ಸಾಗಾ-220 ಕಟ್ಟಿತು.

ನಮ್ಮ ಅಕ್ಕನ ಮಗನೂ ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದನ್ನೇ ಹಿಡಿದಿದ್ದಾನೆ. ಮೊನ್ನೆ ಓಡಿಬಂದು, "ಮಾಮ, ನಲ್ವತ್ತು ಪಟ್ಟು ಫಾಸ್ಟ್!" ಅಂದ. ಯಾವುದಕ್ಕಿಂತ ಅಂತ ಕೇಳಿದೆ. ಪ್ರೊಸೆಸರಿನ ಒಂದೇ ಕೋರಿಗಿಂತ ಅಂತೆ. ಉಳಿದ ಏಳು ಕೋರು ಎಂತ ಮಾಡ್ತಿದ್ದವು ಮಾರಾಯ ಅಂದರೆ ಸುಮ್ಮನಾದ. ಎಂಟಕ್ಕೂ ಕೆಲಸ ಕೊಟ್ಟು ಮತ್ತೆ ಅಳೆದಾಗ ಸಿಕ್ಕಿದ್ದು ಏಳು ಪಟ್ಟು. ಅವನ ಗೈಡ್ "ನಲ್ವತ್ತೇ ಇರಲಿ, ನೋಡಲಿಕ್ಕೆ ಚೆಂದ" ಅಂದರಂತೆ. ಹುಡುಗ ಈಗ ಅತ್ತ ದರಿ ಇತ್ತ ಪುಲಿ.

ಈ ರೋಗ ಅವನೊಬ್ಬನದಲ್ಲ. 2010ರಲ್ಲಿ ಇಂಟೆಲ್‌ನವರು ಇಂಥ ನೂರು ಪಟ್ಟಿನ ಮಾತುಗಳನ್ನು ಪರೀಕ್ಷಿಸಿ, ಎರಡೂ ಕಡೆ ಪ್ರೋಗ್ರಾಮನ್ನು ಸರಿಯಾಗಿ ಬರೆದರೆ ಸಿಗುವುದು ಸರಾಸರಿ ಎರಡೂವರೆ ಪಟ್ಟು ಅಂದರು. ಇಂಟೆಲ್ ಪ್ರೊಸೆಸರ್ ಮಾರುವ ಕಂಪೆನಿ, ಆ ಮಾತಿಗೂ ಒಂದು ಚಿಟಿಕೆ ಉಪ್ಪು ಇರಲಿ. ಆದರೆ ಯಾವುದನ್ನು ಯಾವುದರ ಜೊತೆ ಹೋಲಿಸಿದ್ದು ಅಂತ ಕೇಳಲೇಬೇಕು.

ನನಗೆ ಅದಕ್ಕಿಂತ ದೊಡ್ಡ ಚಿಂತೆ ಉತ್ತರದ್ದು. ಕೋಣೆ ತೀರಾ ದೊಡ್ಡದಾದರೆ ಕೊಟ್ಟಾರದ ಕಾರಿಗೆ ಕೂಳೂರಿನ ಲಾರಿ ಡಿಕ್ಕಿ ಹೊಡೆದ ಹಾಗೆ ಆಗುತ್ತದೆ. ಕಾರ್ಡು ಆ ತಪ್ಪನ್ನೂ ಅಷ್ಟೇ ವೇಗದಲ್ಲಿ ಮಾಡುತ್ತದೆ, ಬಣ್ಣಬಣ್ಣದ ಚಿತ್ರವನ್ನೂ ಕೊಡುತ್ತದೆ. ಸರಾಸರಿಯಲ್ಲಿನ ಏರುಪೇರನ್ನು ಹತ್ತನೇ ಒಂದಕ್ಕೆ ಇಳಿಸಲು ನೂರು ಪಟ್ಟು ಸ್ಯಾಂಪಲ್ ಬೇಕು. ಉಳಿದ ಸಮಯ ಖರ್ಚಾಗಬೇಕಾದ್ದು ಅಲ್ಲಿ. ಕೋಣೆ ಚಿಕ್ಕದು ಮಾಡಿ, ಕಣ ಹೆಚ್ಚಿಸಿ, ಉತ್ತರ ಬದಲಾಗುತ್ತದೋ ಅಂತ ನೋಡುವುದರಲ್ಲಿ.

ಏಳು ಪಟ್ಟು ಅಂದರೆ ಕಡಿಮೆಯಾ ಹೇಳಿ? ಒಂದು ವಾರದ ಲೆಕ್ಕ ಒಂದೇ ದಿನಕ್ಕೆ ಮುಗಿಯಿತು! ಏಳು ಅಂತಲೇ ಬರಿ, ಎಂಟು ಕೋರು ಅಂತಲೂ ಬರಿ ಅಂತ ಹೇಳಿ ಕಳಿಸಿದ್ದೇನೆ. ಎರಡು ಮಾರ್ಕು ಹೋದರೆ ಹೋಗಲಿ. ನಾಳೆ ಇವನು ಹಾಕಿದ ಲೆಕ್ಕ ನಂಬಿ ಯಾರೋ ಒಬ್ಬರು ಆ ತೆಳು ಗಾಳಿಯನ್ನು ದಾಟಿ ಕೆಳಗೆ ಬರಬೇಕಾದೀತು.