ಯಕೃತ್ತಿನ ಕಸಿ: ಹತ್ತನೆಯ ವರ್ಷದ ಲೆಕ್ಕ

ಊರಿನಿಂದ ಬರುವ ಕರೆಗಳಲ್ಲಿ ನನಗೆ ಪದೇಪದೇ ಎದುರಾಗುವ ಪ್ರಶ್ನೆ ಒಂದಿದೆ: "ಡಾಕ್ಟ್ರೇ, ಲಿವರ್ ಕಸಿ ಮಾಡಿಸಿದರೆ ಗ್ಯಾರಂಟಿಯೇ?" ಕೇಳುವವರ ಮನಸ್ಸಿನಲ್ಲಿರುವುದು ಶಸ್ತ್ರಚಿಕಿತ್ಸೆಯ ಭಯ. ಆದರೆ ಇಂದು ಅಮೆರಿಕದಲ್ಲಿ ಕಸಿ ಪಡೆದ ನೂರು ಮಂದಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಮೊದಲ ವರ್ಷವನ್ನು ದಾಟುತ್ತಾರೆ. ಯೋಚಿಸಬೇಕಾದದ್ದು ಅನಂತರದ ದಶಕಗಳನ್ನು ಕುರಿತು.

ಇದಕ್ಕೆ ನಾನಿರುವ ಎಮರಿವಿಲ್ಲೇ ಒಂದು ನಿದರ್ಶನ. ಓಕ್ಲೆಂಡ್ ಮತ್ತು ಬರ್ಕ್‌ಲಿಗಳ ನಡುವಿನ ಈ ಪುಟ್ಟ ಪಟ್ಟಣದ ಕೈರಾನ್ ಕಂಪನಿಯಲ್ಲಿ ಮೈಕಲ್ ಹೌಟನ್ ಮತ್ತು ಸಂಗಡಿಗರು ಹೆಪಟೈಟಿಸ್ ಸಿ ವೈರಸ್ಸನ್ನು ಪತ್ತೆಹಚ್ಚಿ 1989ರಲ್ಲಿ ಪ್ರಕಟಿಸಿದರು. ಹೌಟನ್ 2020ರ ನೊಬೆಲ್ ಪುರಸ್ಕಾರದಲ್ಲಿ ಪಾಲು ಪಡೆದರು. ಬಹುಕಾಲ ಅಮೆರಿಕದಲ್ಲಿ ಕಸಿಗೆ ಪ್ರಮುಖ ಕಾರಣವಾಗಿದ್ದ ಆ ವೈರಸ್ಸು ರಕ್ತದಲ್ಲಿ ಉಳಿದು ಹೊಸ ಯಕೃತ್ತನ್ನೂ ಹೊಕ್ಕು, ಹಲವರಲ್ಲಿ ಕೆಲವೇ ವರ್ಷಗಳಲ್ಲಿ ಮತ್ತೆ ಸಿರೋಸಿಸ್ ತರುತ್ತಿತ್ತು. 2013ರ ಕೊನೆಯಲ್ಲಿ ಕೊಲ್ಲಿಯಾಚೆಯ ಫಾಸ್ಟರ್ ಸಿಟಿಯ ಗಿಲಿಯಡ್ ಕಂಪನಿಯ ಸೊಫೊಸ್ಬುವಿರ್ ಮಾತ್ರೆಗೆ ಅನುಮತಿ ದೊರೆತ ಮೇಲೆ ಪರಿಸ್ಥಿತಿ ಬದಲಾಯಿತು. ಈಗ ಕಸಿಯ ಕಾರಣಗಳಲ್ಲಿ ಮದ್ಯಪಾನ ಮತ್ತು ಕೊಬ್ಬಿನ ಯಕೃತ್ ರೋಗ ಮುಂದಿವೆ. ಇವೆರಡೂ ಹೊಸ ಯಕೃತ್ತಿಗೆ ಮರಳಬಲ್ಲವು. ಕೆಲವು ವಾರಗಳ ಮಾತ್ರೆಯಿಂದ ತೊಲಗುವಂಥವಲ್ಲ.

ಇದರ ಮೇಲೆ ಔಷಧದ ಬೆಲೆಯಿದೆ. ದೇಹವು ಕಸಿಯನ್ನು ತಿರಸ್ಕರಿಸದಂತೆ ಬಹುಪಾಲು ರೋಗಿಗಳು ಜೀವನಪರ್ಯಂತ ಟ್ಯಾಕ್ರೊಲಿಮಸ್ ಅಥವಾ ಅಂಥದೇ ಔಷಧ ಸೇವಿಸಬೇಕು. ಇದು ಮೂತ್ರಪಿಂಡವನ್ನು ನಿಧಾನವಾಗಿ ಸವೆಸುತ್ತದೆ. 2003ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಯಕೃತ್ ಕಸಿಯಾದ ನೂರರಲ್ಲಿ ಸುಮಾರು 18 ಮಂದಿಗೆ ಐದು ವರ್ಷಗಳೊಳಗೆ ದೀರ್ಘಕಾಲಿಕ ಮೂತ್ರಪಿಂಡ ವೈಫಲ್ಯ ಕಂಡಿತ್ತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸೋಂಕು, ಕ್ಯಾನ್ಸರ್‌ಗಳ ಅಪಾಯವೂ ಹೆಚ್ಚುತ್ತದೆ.

ಮನೆಯವರು ನೆನಪಿಡಬೇಕಾದ ಕೆಲವು ಸಂಗತಿಗಳಿವೆ. ದೇವನಹಳ್ಳಿಯ ಚಕ್ಕೋತ ಎಷ್ಟೇ ರುಚಿಯಾಗಿದ್ದರೂ ಟ್ಯಾಕ್ರೊಲಿಮಸ್ ಮಟ್ಟವನ್ನು ರಕ್ತದಲ್ಲಿ ಏರಿಸಬಲ್ಲದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅದನ್ನು ತೀವ್ರವಾಗಿ ಇಳಿಸುತ್ತದೆ. ಅಮೃತಬಳ್ಳಿಯಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಭಾರತದಲ್ಲೇ ವರದಿಯಾಗಿವೆ. ಆದ್ದರಿಂದ ಕಸಿ ವೈದ್ಯರನ್ನು ಕೇಳದೆ ಯಾವ ಔಷಧವನ್ನೂ ಕಷಾಯವನ್ನೂ ಕೊಡಬಾರದು.

ಅಮೆರಿಕಕ್ಕೆ ಬರಲಿರುವವರು ಇನ್ನೊಂದನ್ನು ಅರಿಯಬೇಕು. ಇಲ್ಲಿ ದುಡಿಯುವವರ ಆರೋಗ್ಯ ವಿಮೆ ಬಹುತೇಕ ನೌಕರಿಗೆ ಅಂಟಿಕೊಂಡಿದೆ. ನೌಕರಿ ಹೋದರೆ ಕೋಬ್ರಾ ಕಾಯಿದೆಯಡಿ ಸಾಮಾನ್ಯವಾಗಿ 18 ತಿಂಗಳು ಅದನ್ನು ಮುಂದುವರಿಸಬಹುದಾದರೂ ಪೂರ್ಣ ಕಂತನ್ನು ತಾವೇ ಕಟ್ಟಬೇಕು. ಮಕ್ಕಳನ್ನು ನೋಡಲು ಬರುವ ತಂದೆತಾಯಿಯರ ಪ್ರವಾಸಿ ವಿಮೆ ಹಳೆಯ ಕಾಯಿಲೆಯ ನಿತ್ಯದ ಚಿಕಿತ್ಸೆಯನ್ನು ಸಾಮಾನ್ಯವಾಗಿ ಭರಿಸುವುದಿಲ್ಲ. ಕಸಿಯಾದವರು ತಂಗುವಷ್ಟು ದಿನಕ್ಕೂ ಮಿಗುವಷ್ಟು ಮಾತ್ರೆಗಳನ್ನು ವೈದ್ಯರ ಚೀಟಿಯೊಡನೆ ಕೈಚೀಲದಲ್ಲೇ ತರಬೇಕು.

ಇಷ್ಟೆಲ್ಲ ಹೇಳಿದ್ದು ಧೈರ್ಯಗೆಡಿಸಲಲ್ಲ. 1998ರ ನವೆಂಬರಿನಲ್ಲಿ ದೆಹಲಿಯಲ್ಲಿ ತಂದೆಯ ಯಕೃತ್ತಿನ ಭಾಗವನ್ನು ಪಡೆದ ಕಾಂಚೀಪುರದ 20 ತಿಂಗಳ ಮಗು ಬೆಳೆದು ವೈದ್ಯನಾಗಿದ್ದಾನೆ. ಕಸಿಗೆ ಒಪ್ಪುವ ಮುನ್ನ ಆಸ್ಪತ್ರೆಯನ್ನು ಮೂರು ಪ್ರಶ್ನೆ ಕೇಳಿ: ನಿಮ್ಮ ರೋಗಿಗಳು ಐದು, ಹತ್ತು ವರ್ಷಗಳ ನಂತರ ಹೇಗಿದ್ದಾರೆ? ತಿಂಗಳ ಔಷಧಕ್ಕೆ, ರಕ್ತಪರೀಕ್ಷೆಗೆ ಎಷ್ಟು ವೆಚ್ಚ? ನಾವು ಊರಿಗೆ ಮರಳಿದ ಮೇಲೆ ನೋಡಿಕೊಳ್ಳುವ ವೈದ್ಯರು ಯಾರು?